ನಾಲ್ಕನೇ ಮಂಚದ ಚೀಟಿ

ದಿನಾ ಬೆಳಗ್ಗೆ ಏಳಕ್ಕೆ ಆಸ್ಪತ್ರೆಯ ಕಂಪ್ಯೂಟರು ಆ ದಿನ ತುರ್ತು ವಿಭಾಗದಲ್ಲಿ ನಡೆಯಲಿರುವುದನ್ನೆಲ್ಲ ತನ್ನೊಳಗೇ ಒಮ್ಮೆ ನಡೆಸಿ ನೋಡಿ, ಯಾವ ಮಂಚಕ್ಕೆ ಎಷ್ಟು ಹೊತ್ತಿಗೆ ಎಂಥವರು ಬರುತ್ತಾರೆಂದು ಚೀಟಿ ಕೊಡುತ್ತಿತ್ತು. ನರ್ಸ್ ನೀಲಮ್ಮ ಅವನ್ನು ಮಂಚಗಳಿಗೆ ಕಟ್ಟುತ್ತಿದ್ದಳು. ಆರು ವರ್ಷದಲ್ಲಿ ಒಂದೂ ತಪ್ಪಿರಲಿಲ್ಲ.

ಹನ್ನೊಂದಕ್ಕೆ ಮುದುಕಿಯೊಬ್ಬಳು ಎದೆನೋವಿನಿಂದ ಬೆವೆತುಹೋಗಿದ್ದ ಗಂಡನನ್ನು ಆಟೋದಲ್ಲಿ ಕರೆತಂದಳು. ಅಂಥವನೊಬ್ಬ ಬರುತ್ತಾನೆಂಬ ಚೀಟಿ ಯಾವ ಮಂಚಕ್ಕೂ ಇರಲಿಲ್ಲ. ನೀಲಮ್ಮ ಅವನನ್ನು ಗೋಡೆ ಪಕ್ಕದ ಸ್ಟ್ರೆಚರಿನಲ್ಲೇ ಬಿಟ್ಟಳು.

"ಆ ನಾಕನೇ ಮಂಚ ಖಾಲಿ ಐತಲ್ರಿ ಸಿಸ್ಟರ್. ಇವ್ರನ್ನ ಅಲ್ಲಿ ಮಲಗಸ್ರಿ," ಅಂದಳು ಮುದುಕಿ.

"ಖಾಲಿ ಇಲ್ಲಬೇ ಯವ್ವಾ. ಹನ್ನೊಂದೂ ನಲವತ್ತಕ್ಕ ಒಬ್ರು ಬರ್ತಾರ. ಅರವತ್ತೆಂಟು ವರ್ಷದ ಹೆಣ್ಮಗಳು, ಹಾರ್ಟ್ ಕೇಸು."

"ಆಕಿ ಇನ್ನೂ ಬಂದೇ ಇಲ್ಲಲ್ರಿ."

"ಬರ್ತಾರ."

ಹನ್ನೊಂದೂವರೆಗೆ ಮುದುಕನ ಕೈ ಸ್ಟ್ರೆಚರಿನಿಂದ ಜಾರಿ ಜೋತುಬಿತ್ತು. ಡಾಕ್ಟರು ಬಂದು ನಾಡಿ ನೋಡಿ, ಜೀವ ಹೋಗಿದೆಯೆಂದು ತಲೆ ಅಲ್ಲಾಡಿಸಿ ಹೋದರು. ಮುದುಕಿ ಜೋತ ಕೈಯನ್ನೆತ್ತಿ ಗಂಡನ ಎದೆಯ ಮೇಲಿಟ್ಟಳು. ಸೆರಗಿನಿಂದ ಅವನ ಹಣೆಯ ಬೆವರು ಒರೆಸುತ್ತಿದ್ದವಳು ತನ್ನ ಎದೆ ಹಿಡಿದುಕೊಂಡು ಕುಸಿದಳು.

ಗಡಿಯಾರದಲ್ಲಿ ಹನ್ನೊಂದು ನಲವತ್ತು. ನೀಲಮ್ಮ ಅವಳನ್ನು ನಾಲ್ಕನೇ ಮಂಚಕ್ಕೆ ಎತ್ತಿ ಮಲಗಿಸಿದಳು. ಚೀಟಿಯಲ್ಲಿ ಎಲ್ಲ ಬರೆದಿತ್ತು, ಹೆಸರಿನ ಜಾಗವೊಂದೇ ಖಾಲಿ.

"ಯವ್ವಾ, ನಿಮ್ಮ ಹೆಸರೇನ್ರಿ?"