ರಂಗೂನಿನವನ ಅಂಗೈ

ಕಾದ ಕಲ್ಲಿನ ಮೇಲೆ ನೀರು ಬಿದ್ದ ವಾಸನೆ ಬಂದರೆ ಈಗಲೂ ಕುರುಗೋಡಿನ ಹೊಂಡ ನೆನಪಾಗುತ್ತದೆ; ಅದರಲ್ಲಿ ಎಷ್ಟು ನಡೆದದ್ದೋ, ಎಷ್ಟು ನಾನು ಆಮೇಲೆ ಸೇರಿಸಿದ್ದೋ ಹೇಳಲಾರೆ.

ಬರ್ಮಾ ಬಿಟ್ಟು ಬಂದು ಸಿರುಗುಪ್ಪದ ಅಕ್ಕಿ ಗಿರಣಿಯಲ್ಲಿ ಮೂಟೆ ಹೊರುತ್ತಿದ್ದ ರಾಜು, ರಂಗೂನಿನಲ್ಲಿ ಈಜಿ ಪದಕ ಗೆದ್ದಿದ್ದನಂತೆ. ಆ ಪದಕಗಳನ್ನು ಹೊರಡುವಾಗ ಅಲ್ಲಿನ ಬಂದರಿನಲ್ಲೇ ಅಧಿಕಾರಿಗಳು ಕಿತ್ತುಕೊಂಡಿದ್ದರು. ಒಂದು ಬೇಸಿಗೆಯ ಮಧ್ಯಾಹ್ನ ಆ ಹೊಂಡದಲ್ಲಿ ಅವನಿಗೂ ನನ್ನ ಅಣ್ಣನಿಗೂ ಪಂದ್ಯ. ಆಚೆ ದಡ ಮುಟ್ಟಿ ಮೊದಲು ಮರಳಿದವನು ಜಿಲ್ಲೆಯ ಪರವಾಗಿ ಮೈಸೂರಿನ ಈಜು ಸ್ಪರ್ಧೆಗೆ ಹೋಗಬೇಕು. ನೋಡಿ ಹೇಳಲೆಂದು ನನ್ನನ್ನು ಆಚೆಯ ಮೆಟ್ಟಿಲ ಮೇಲೆ ಕೂರಿಸಿದ್ದರು.

ರಾಜು ನನ್ನ ಪಕ್ಕದ ಕಲ್ಲಿಗೆ ಅಂಗೈ ಬಡಿದು ಹೊರಳಿದ. ಅಣ್ಣ ಒಂದು ಮೊಳವೋ ಎರಡು ಮೊಳವೋ ದೂರದಲ್ಲೇ ತಿರುಗಿಬಿಟ್ಟ. ಅಷ್ಟೇ ಅಂತರದಲ್ಲಿ ಮೊದಲು ಮರಳಿ ಗೆದ್ದ.

"ಅಂವ ಮುಟ್ಟೇ ಇಲ್ರಿ," ಎಂದ ರಾಜು, ಏದುಸಿರು ಬಿಡುತ್ತ.

"ರಂಗೂನಿನಾಗ ಕಲ್ಲು ಮುಟ್ಟಿದ್ರ ಬಂಗಾರ ಕೊಡ್ತಿದ್ರೇನಲೇ?" ಎಂದು ಯಾರೋ ನಕ್ಕರು.

ತೀರ್ಪು ಹೇಳಬೇಕಿದ್ದ ದೊಡ್ಡಪ್ಪ ಪಂದ್ಯ ಶುರುವಾದ ದಡದಿಂದ ಕೂಗಿದರು: "ನೀ ನೋಡೀಯಲ್ಲವ್ವಾ, ಹೇಳು. ನಿಮ್ಮಣ್ಣ ಮುಟ್ಟಿದ್ನಿಲ್ಲೋ?"

ಕಲ್ಲಿನ ಮೇಲೆ ಒಂದೇ ಅಂಗೈಯ ಒದ್ದೆ ಗುರುತಿತ್ತು, ಐದೂ ಬೆರಳು ಅಗಲಿಸಿಕೊಂಡು.

"ಇಬ್ರೂ ಮುಟ್ಟಿದ್ರು ದೊಡ್ಡಪ್ಪಾ," ಎಂದೆ.

ರಾಜು ನನ್ನನ್ನು ನೋಡಿದನೋ ಇಲ್ಲವೋ. "ಬಂದು ಕಲ್ಲು ನೋಡ್ರಿ," ಎಂದಷ್ಟೇ ಹೇಳಿ ಅವರ ಮುಂದೆ ನಡೆದ. ದೊಡ್ಡವರು ಚಪ್ಪಲಿ ಹುಡುಕಿ ಮೆಟ್ಟಿಕೊಂಡು, ಮಾತಾಡುತ್ತ, ಹೊಂಡ ಸುತ್ತಿ ಬಂದರು. ನನ್ನ ಪಕ್ಕದಲ್ಲಿ ಮೊದಲು ಬೆರಳುಗಳು ಮಾಯವಾದವು, ಆಮೇಲೆ ಅಂಗೈ. ಅವರು ಬಗ್ಗಿ ನೋಡುವಾಗ ಕಲ್ಲು ಪೂರ್ತಿ ಒಣಗಿತ್ತು.