ವರ್ನಾ ನಿಂತ ಹೊಸ್ತಿಲು

"ಅಲ್ಲೇ ನಿಲ್ಲು! ಒಂದು ಹೆಜ್ಜೆ ಮುಂದಿಟ್ಟೀಯ, ಜೋಕೆ!"

ಬಿಸಿ ಸಾಸೇಜಿನ ತಟ್ಟೆ ಹಿಡಿದು ಅಡುಗೆಮನೆಯಿಂದ ಬರುತ್ತಿದ್ದ ವರ್ನಾ, ಗಂಡನ ಕೂಗಿಗೆ ಹೊಸ್ತಿಲ ಮೇಲೆಯೇ ಕಲ್ಲಾದಳು. ಒಂದು ಕಾಲು ಅಡುಗೆಮನೆಯಲ್ಲಿ, ಇನ್ನೊಂದು ಹಜಾರದಲ್ಲಿ. ಟಿವಿಯ ಫುಟ್‌ಬಾಲ್ ಆಟದಲ್ಲಿ ಪ್ಯಾಕರ್ಸ್ ತಂಡದವನೊಬ್ಬ ಚೆಂಡನ್ನು ಎದೆಗವಚಿಕೊಂಡು ಗೆರೆಯಾಚೆ ಬಿದ್ದಿದ್ದ. ಕೊನೆಗಳಿಗೆಯಲ್ಲಿ ಅಂಕ ಸಮವಾಗಿತ್ತು.

"ನೋಡಿದ್ಯಾ ಲೈಲ್? ಇವಳು ಅಲ್ಲಿ ಕಾಲಿಟ್ಳು, ನಮ್ಮವರು ಹೊಡೆದ್ರು!" ಎಂದ ಆರ್ಲನ್. ಒಗೆದರೆ ಅದೃಷ್ಟ ನೀರಲ್ಲಿ ಹರಿದು ಹೋಗುತ್ತದೆಂದು ಸೆಪ್ಟೆಂಬರಿನಿಂದ ಸೋಪು ಕಾಣದ, ಪ್ಯಾಕರ್ಸ್ ತಂಡದ ಹಸಿರಂಗಿ ಅವನ ಮೈಮೇಲಿತ್ತು.

ಸೋಫಾದ ಇನ್ನೊಂದು ತುದಿಯಲ್ಲಿ ವರ್ನಾಳ ತಮ್ಮ ಲೈಲ್. ಪ್ಯಾಕರ್ಸ್ ತಂಡದ ತವರಾದ ವಿಸ್ಕಾನ್ಸಿನ್ನಿನಲ್ಲಿ ಹುಟ್ಟಿದವನು ಕೆಲಸಕ್ಕೆಂದು ರಾಜ್ಯದ ಗಡಿ ದಾಟಿ ಹೋಗಿ ಶಿಕಾಗೋದ ಬೇರ್ಸ್ ತಂಡಕ್ಕೆ ಒಲಿದುಬಿಟ್ಟಿದ್ದ. ಮತ ಬದಲಿಸಿದ್ದರೂ ಆರ್ಲನ್ ಕ್ಷಮಿಸುತ್ತಿದ್ದನೇನೋ. ಆದರೂ ಈ ಎರಡು ತಂಡಗಳು ಎದುರಾದ ದಿನ ಇಬ್ಬರೂ ಇದೇ ಸೋಫಾದಲ್ಲಿ ಕೂತು ಒಬ್ಬರನ್ನೊಬ್ಬರು ಬೈದುಕೊಳ್ಳಲೇಬೇಕು.

"ಅಕ್ಕಾ, ಭಾವನಿಗೆ ತಲೆ ಕೆಟ್ಟಿದೆ. ನೀನು ಒಳಗೆ ಬಾ. ಆಗ ನೀನು ಈ ಕುರ್ಚೀಲಿ ಕೂತಿದ್ದಾಗ ಬೇರ್ಸ್ ಹೇಗೆ ಮೆರೀತಿದ್ರು!"

"ಅವಳು ಆ ಕುರ್ಚಿ ಮುಟ್ಟಲಿ, ನಿನ್ನನ್ನ ಹಿಮದೊಳಗೆ ಹೂತುಹಾಕ್ತೀನಿ."

"ನನಗೆ ಚರ್ಚಿಗೆ ಹೊತ್ತಾಯ್ತು," ಎಂದಳು ವರ್ನಾ. "ಬರ್ತೀನಿ ಅಂತ ಮಾತು ಕೊಟ್ಟಿದ್ದೀಯ ಆರ್ಲನ್. ಏಳು."

ಅಂದಿನ ಸಂಜೆಯ ಪ್ರಾರ್ಥನೆಯಲ್ಲಿ ಅವಳು ಬೈಬಲ್ಲಿನ ದಾವೀದನ ಕೀರ್ತನೆಯೊಂದನ್ನು ಪುಸ್ತಕ ನೋಡದೆ ಹೇಳುವುದಿತ್ತು. ಅಜ್ಜಿ ರೊಟ್ಟಿಯ ಹಿಟ್ಟು ನಾದುತ್ತ ಹೇಳಿಕೊಳ್ಳುತ್ತಿದ್ದದ್ದು, ಕೇಳಿ ಕೇಳಿಯೇ ಬಂದದ್ದು. ಮದುವೆಯಾದಾಗಿನಿಂದ, ಅವಳು ಊಟಕ್ಕೆ ಕರೆದದ್ದೊಂದನ್ನು ಬಿಟ್ಟರೆ ಆರ್ಲನ್ ಅವಳ ಬಾಯಿಂದ ಬೇರೇನನ್ನೂ ಪೂರ್ತಿ ಕೇಳಿದವನಲ್ಲ. ಇದೊಂದನ್ನು, ಒಂದೇ ಒಂದು ಸಲ, ಕೇಳಲಿ ಎಂದು ಅವಳ ಆಸೆ.

"ಬರ್ತೀನಿ ಕಣೇ, ಹೆಚ್ಚುವರಿ ಆಟಕ್ಕೆ ಹೋಗಿದೆ, ಅದೊಂದು ಮುಗೀಲಿ. ನೀನು ಮಾತ್ರ ಅಲ್ಲಾಡಬೇಡ."

"ನಿನ್ನ ಆಟಕ್ಕಿಷ್ಟು! ನಾನೇನು ಬಾಗಿಲಿಗೆ ಕಟ್ಟಿದ ತೋರಣಾನಾ?" ತಟ್ಟೆಯನ್ನು ಹೊಸ್ತಿಲ ಮೇಲೆಯೇ ಕುಕ್ಕಿ, ಕೋಟು ತೊಟ್ಟು, ಕಾರಿನ ಕೀ ಕಿತ್ತುಕೊಂಡು ಅವಳು ಹೊರಬಿದ್ದಳು. ಹಿಂದಿನಿಂದ ಒಬ್ಬ "ಅಯ್ಯೋ" ಎಂದ, ಇನ್ನೊಬ್ಬ ಸಿಳ್ಳೆ ಹಾಕಿದ.

ಚರ್ಚು ಎರಡು ಬೀದಿ ಆಚೆ. ಅಂಗಳದಲ್ಲಿ ನಿಂತ ಕಾರುಗಳೊಳಗೆ, ಹೆಂಡತಿಯರನ್ನು ಒಳಗೆ ಕಳಿಸಿದ ಗಂಡಸರು ರೇಡಿಯೋಗೆ ಕಿವಿಗೊಟ್ಟು ಕೂತಿದ್ದರು. ಮೆಟ್ಟಿಲು ಹತ್ತಿದರೆ ಬಾಗಿಲಲ್ಲಿ ಪಾದ್ರಿ ಥೋರ್ಸನ್ ಕೈಯಡ್ಡ ಹಿಡಿದು ನಿಂತಿದ್ದರು. ಇನ್ನೊಂದು ಕೈಯಲ್ಲಿ ಫೋನು.

"ವರ್ನಾ, ಅಲ್ಲೇ, ಹೊಸ್ತಿಲ ಮೇಲೇ ನಿಂತ್ಕೊಳ್ಳಿ! ಆರ್ಲನ್ ಫೋನಲ್ಲಿದ್ದಾರೆ. ನೀವು ಹೊರಟಾಗಿನಿಂದ ನಮ್ಮವರ ಕೈಯಲ್ಲಿ ಚೆಂಡು ನಿಲ್ತಿಲ್ವಂತೆ. ಯಾವ ಹೊಸ್ತಿಲಾದ್ರೂ ಪರವಾಗಿಲ್ವಂತೆ."

"ನೀವೂನಾ, ಪಾದ್ರಿಗಳೇ?"

ಪಾದ್ರಿಯ ಮುಖ ಕೆಂಪೇರಿತು. ಬಿಳಿ ನಿಲುವಂಗಿಯ ಕೊರಳಲ್ಲಿ ಒಳಗಿನ ಹಸಿರಂಗಿಯ ಅಂಚು ಇಣುಕುತ್ತಿತ್ತು. "ನಂಬ್ತೀನಿ ಅಂತಲ್ಲ... ಆದ್ರೆ ನಿಂತ್ರೆ ನಷ್ಟ ಏನು ಹೇಳಿ?"

ವರ್ನಾಳಿಗೆ ಅಳಬೇಕೋ ಕಿರುಚಬೇಕೋ ತಿಳಿಯಲಿಲ್ಲ. ಒಂದು ಕಾಲನ್ನು ದೇವರ ಮನೆಯೊಳಗಿಟ್ಟಳು, ಇನ್ನೊಂದನ್ನು ಹಿಮದಲ್ಲೇ ಬಿಟ್ಟಳು. ಆಮೇಲೆ ಕೈ ಚಾಚಿ ಫೋನು ಇಸಿದುಕೊಂಡಳು.

"ಆರ್ಲನ್, ನಿಂತಿದ್ದೀನಿ. ಈಗ ನೀನು ಬಾಯಿ ಮುಚ್ಕೊಂಡು ಕೇಳು. ಟಿವಿ ಸದ್ದು ಪೂರ್ತಿ ನಿಲ್ಸು. ಫೋನು ಇಟ್ಯೋ, ಆ ಕ್ಷಣ ಒಳಗೆ ಹೋಗಿಬಿಡ್ತೀನಿ."

ಅತ್ತ ಗದ್ದಲ ಫಕ್ಕನೆ ನಿಂತಿತು. ವರ್ನಾ ಕಣ್ಣು ಮುಚ್ಚಿ ಮೊದಲ ಸಾಲು ಎತ್ತಿಕೊಂಡಳು. ಮೊದಮೊದಲು ಸಿಟ್ಟಿನಲ್ಲಿ ಮಾತುಗಳು ದಡದಡನೆ ಉದುರಿದವು. ಮೂರನೆಯ ಸಾಲಿಗೆ ಬರುವಷ್ಟರಲ್ಲಿ ಅಜ್ಜಿಯ ಏರಿಳಿತ ತಾನಾಗಿ ದನಿಗೆ ಬಂತು. ಪಾದ್ರಿ ತಮಗರಿವಿಲ್ಲದೆ ತಲೆ ಬಾಗಿಸಿದರು. ಬೆಂಚುಗಳಲ್ಲಿದ್ದ ಹೆಂಗಸರು ಬಾಗಿಲ ಕಡೆ ತಿರುಗಿದರು. ಅಂಗಳದ ಕಾರುಗಳಿಂದ ಒಮ್ಮೆ "ಹೋ" ಎಂದು ಸದ್ದೆದ್ದು ಅಡಗಿತು. ಯಾರ ಪರವೋ, ಅವಳು ಗಮನಿಸಲಿಲ್ಲ. ಕೊನೆಯ ಸಾಲನ್ನು ನಿಧಾನವಾಗಿ ನೆಲಕ್ಕಿಳಿಸಿ ಸುಮ್ಮನಾದಳು.

ಫೋನನ್ನು ಕಿವಿಗೆ ಒತ್ತಿಕೊಂಡಳು.

"ವರ್ನಾ," ಎಂದ ಆರ್ಲನ್. ಅವನ ದನಿ ಒದ್ದೆಯಾಗಿತ್ತು. ಅಂಥ ದನಿಯನ್ನು ಅವಳು ಕೇಳಿಯೇ ಇರಲಿಲ್ಲ. "ಇನ್ನೊಂದ್ಸಲ ಹೇಳೇ."

ಅವಳ ಎದೆ ತುಂಬಿ ಬಂತು. ಅಷ್ಟರಲ್ಲಿ ಅವನ ಹಿಂದಿನಿಂದ ಲೈಲನ ಗೋಳು ಕೇಳಿಸಿತು:

"ಬೇಡಕ್ಕಾ, ನಿನ್ನ ಕಾಲಿಗೆ ಬೀಳ್ತೀನಿ! ಪ್ಯಾಕರ್ಸ್‌ಗೆ ಗೆರೆ ದಾಟೋಕೆ ಇನ್ನು ಹತ್ತೇ ಗಜ ಉಳಿದಿರೋದು, ನಿಲ್ಸು!"

ವರ್ನಾ ಫೋನನ್ನೊಮ್ಮೆ ನೋಡಿದಳು, ಮೇಲಿನ ಶಿಲುಬೆಯನ್ನೊಮ್ಮೆ ನೋಡಿದಳು. ಹಿಮದಲ್ಲಿ ಮರಗಟ್ಟಿದ್ದ ಕಾಲನ್ನು ಅಲ್ಲೇ ಊರಿ, ಮತ್ತೆ ಮೊದಲ ಸಾಲಿನಿಂದ ಶುರುಮಾಡಿದಳು.