ಸಂಜೆಗೆ ಉಳಿದ ನೀರು

ಗುರುರಾಜರಾಯರು ಪೆನ್ನಿನ ಕ್ಯಾಪು ತೆಗೆದದ್ದೇ ತಡ, ಮಾನಮ್ಮನಿಗೆ ಕುಳಿತಲ್ಲಿ ಕೂರಲಾಗಲಿಲ್ಲ. ಮೇಜಿನ ಮೇಲಿನ ಆದೇಶಕ್ಕೆ ಸಾಹೇಬರ ಆ ಒಂದು ಸಹಿ ಬಿದ್ದರೆ ದೇವದುರ್ಗಕ್ಕೆ ಹೋಗುವ ನೀರಿನ ಟ್ಯಾಂಕರುಗಳು ನಾಳೆಯಿಂದಲೇ ಬಂದ್.

"ನಿನ್ನ ಕಂಪ್ಯೂಟರೇ ಹೇಳ್ತದಲ್ಲವ್ವಾ, ತಿಂಗಳದಾಗ ಇಷ್ಟೊಂದು ನೀರು ಉಳದದ ಅಂತ! ಮತ್ತ ಟ್ಯಾಂಕರ್ ಯಾಕ?" ಎಂದರು ರಾಯರು.

ರಾಯಚೂರಿನ ಆ ಕಚೇರಿಗೆ ಹೊಸದಾಗಿ ಬಂದ ಕಂಪ್ಯೂಟರಿಗೆ ಕೋಷ್ಟಕ ಹಾಕಿಕೊಟ್ಟವಳು ಅವಳೇ. ದೇವದುರ್ಗದ ಟ್ಯಾಂಕಿಗೆ ದಿನಾಲೂ ಬಂದ ನೀರೆಷ್ಟು, ಖರ್ಚಾದದ್ದೆಷ್ಟು, ಸಂಜೆಗೆ ಉಳಿದದ್ದೆಷ್ಟು. ಮೂರರ ಕೆಳಗೂ ತಿಂಗಳ ಮೊತ್ತ. ಬಂದದ್ದನ್ನು ಕೂಡಿಸಬಹುದು, ಖರ್ಚನ್ನೂ ಕೂಡಿಸಬಹುದು. ಉಳಿದದ್ದನ್ನು? ತನ್ನ ತಪ್ಪು ಈಗ ಹೊಳೆದಿತ್ತು.

ಅವಳು ಎದ್ದು, ರಾಯರು ಅರ್ಧ ಕುಡಿದಿಟ್ಟ ನೀರಿನ ಗ್ಲಾಸನ್ನು ಸಹಿಯ ಜಾಗದ ಮೇಲೇ ಇಟ್ಟುಬಿಟ್ಟಳು.

"ಸಾಹೇಬ್ರ, ನಿನ್ನೆ ಸಂಜಿಕ ಇದರಾಗ ಅರ್ಧ ಗ್ಲಾಸ್ ಉಳದಿತ್ತು ಅಂತ ತಿಳೀರಿ. ಯಾರೂ ಮುಟ್ಟಲಿಲ್ಲ, ಇವತ್ತೂ ಅರ್ಧ ಅದ. ಎರಡೂ ಕೂಡಿಸಿದ್ರ ಗ್ಲಾಸ್ ತುಂಬ್ತು. ತುಂಬಿದ್ದು ಕುಡೀರಿ."

"ನಿನಗೇನು ತಲಿ ಕೆಟ್ಟದೇನು? ನಿನ್ನಿದೂ ಇವತ್ತಿಂದೂ ಅದೇ ನೀರಲ್ಲೇನ..."

ರಾಯರು ಗ್ಲಾಸನ್ನೇ ನೋಡುತ್ತ ಪೆನ್ನಿಗೆ ಕ್ಯಾಪು ಹಾಕಿದರು.